ಒಂದೇ ಖರ್ಚಿಗೆ ಎರಡು ಮಗು: ಲಾಭವೋ, ಲುಕ್ಸಾನೋ?

ಬಂಜೆತನದ ಚಿಕಿತ್ಸೆ, ಕೂಸಿನ ತೂಕ: ಬೋರ್ಡಿನ ಮೇಲೆ ಬರೆಯದ ಲೆಕ್ಕ

ಹೆರಿಗೆ ವಾರ್ಡಿನ ಬಾಗಿಲು ತೆಗೆದು ನರ್ಸಮ್ಮ ಹೊರಗೆ ಬಂದರೆ ಕಾದು ನಿಂತವರು ಕೇಳುವುದು ಎರಡೇ ಪ್ರಶ್ನೆ. ಗಂಡೋ, ಹೆಣ್ಣೋ? ತೂಕ ಎಷ್ಟು?

ಮೊದಲನೆಯದಕ್ಕೆ ಉತ್ತರ ಏನೇ ಬರಲಿ, ಮಗು ಮಗುವೇ. ಎರಡನೆಯದರ ಉತ್ತರ ಮಾತ್ರ ಆ ಮಗುವಿನ ಜೊತೆ ಬಹಳ ದೂರ ನಡೆಯುತ್ತದೆ. ಮೂರು ಕಿಲೋ ಎಂದರೆ ಅಜ್ಜಿ ಸಕ್ಕರೆ ಹಂಚುತ್ತಾಳೆ. ಒಂದೂವರೆ ಕಿಲೋ ಎಂದರೆ ಅಪ್ಪ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಏಕೆಂದರೆ ಆ ಕೂಸು ಅಮ್ಮನ ಮಗ್ಗುಲಿಗೆ ಬರುವುದಿಲ್ಲ, ಗಾಜಿನ ಪೆಟ್ಟಿಗೆಗೆ ಹೋಗುತ್ತದೆ.

ಈಗ ಬಸ್ ನಿಲ್ದಾಣದ ಗೋಡೆ, ಬಸ್ಸಿನ ಬೆನ್ನು, ಆಟೋದ ಹಿಂಬದಿ, ಎಲ್ಲಿ ನೋಡಿದರೂ ಒಂದೇ ಮಾತು: ‘ಮಕ್ಕಳಿಲ್ಲವೆ? ಚಿಂತೆ ಬಿಡಿ.’ ಒಂದು ಕಾಲಕ್ಕೆ ಮುಂಬಯಿಗೋ ಬೆಂಗಳೂರಿಗೋ ಹೋಗಬೇಕಿದ್ದ ಚಿಕಿತ್ಸೆ ಈಗ ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದಲ್ಲೇ ಸಿಗುತ್ತದೆ. ಒಳ್ಳೆಯದೇ ಆಯಿತು. ಮದುವೆಯಾಗಿ ಎಂಟು ಹತ್ತು ವರ್ಷ ‘ಏನಾದ್ರೂ ವಿಶೇಷ ಇದೆಯೇನಮ್ಮ’ ಎಂಬ ಮಾತು ಕೇಳಿ ಕೇಳಿ ಸೋತ ಹೆಣ್ಣುಮಗಳಿಗೆ ಊರ ಹತ್ತಿರವೇ ಒಂದು ದಾರಿ ಕಂಡರೆ ಬೇಡ ಎನ್ನುವವರು ಯಾರು?

ಆದರೆ ಆ ಬೋರ್ಡುಗಳಲ್ಲಿ ಇಲ್ಲದ ಒಂದು ಸಂಗತಿ ಇದೆ. ಚಿಕಿತ್ಸೆ ಯಾವ ಬಗೆಯದು ಎಂಬುದರ ಮೇಲೆ ಹುಟ್ಟುವ ಕೂಸಿನ ತೂಕವೂ ಏರಿಳಿಯುತ್ತದೆ. ಗುಳಿಗೆಯೋ, ಇಂಜೆಕ್ಷನ್ನೋ, ಪ್ರನಾಳವೋ? ಗರ್ಭಕೋಶಕ್ಕೆ ಬಿಡುವ ಭ್ರೂಣ ಒಂದೋ, ಮೂರೋ? ತಾಜಾ ಭ್ರೂಣವೋ, ಫ್ರೀಜ್ ಮಾಡಿ ಇಟ್ಟದ್ದೋ? ಒಂದೊಂದಕ್ಕೂ ಒಂದೊಂದು ಲೆಕ್ಕ. ದುಡ್ಡು ಕಟ್ಟುವ ಮೊದಲೇ ಈ ಲೆಕ್ಕ ತಿಳಿದಿರಬೇಕು.

ಎರಡೂವರೆ ಕಿಲೋ ಗೆರೆ

ಹುಟ್ಟಿದಾಗ 2500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು. ಇದು ವಿಶ್ವ ಆರೋಗ್ಯ ಸಂಸ್ಥೆ ಎಳೆದಿರುವ ಗೆರೆ. 1500 ಗ್ರಾಂಗಿಂತ ಕೆಳಗೆ ಇಳಿದರೆ ಅತಿ ಕಡಿಮೆ. ಒಂದು ಕಿಲೋಗಿಂತಲೂ ಕೆಳಗಾದರೆ ಉಳಿಸಿಕೊಳ್ಳುವುದೇ ದೊಡ್ಡ ಹೋರಾಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ತೂಕ ಬರೆದಿಟ್ಟ ಪ್ರತಿ 100 ಮಕ್ಕಳಲ್ಲಿ ಸುಮಾರು 18 ಮಕ್ಕಳು ಈ ಎರಡೂವರೆ ಕಿಲೋ ಗೆರೆಯ ಕೆಳಗಿದ್ದರು. ಇವರಲ್ಲಿ ಬಹುಪಾಲು ಯಾವ ಚಿಕಿತ್ಸೆಯೂ ಇಲ್ಲದೆ ಹುಟ್ಟಿದವರೇ.

ಇನ್ನೊಂದು ಮಾತು. ಪುಣೆಯ ಸುತ್ತಲಿನ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳ ಜೊತೆ ಹೋಲಿಸಿ ನೋಡಿದ್ದರು. ಅಲ್ಲಿ ಸರಾಸರಿ ಮೂರೂವರೆ ಕಿಲೋ, ಇಲ್ಲಿ 2.7 ಕಿಲೋ. ಅಂದರೆ ನಮ್ಮ ಕೂಸು ಮೊದಲೇ ಗೆರೆಯ ಅಂಚಿನಲ್ಲಿ ನಿಂತಿದೆ. ಇಂಗ್ಲೆಂಡಿನ ಮಗು 200 ಗ್ರಾಂ ಕಳೆದುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿಯ ಮಗು 200 ಗ್ರಾಂ ಕಳೆದುಕೊಂಡರೆ ಗೆರೆಗೇ ಬಂದು ನಿಂತಿತು. ತಕ್ಕಡಿ ಹಿಡಿದು ಬದುಕುವ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೂಕಕ್ಕೆ ಇಷ್ಟೊಂದು ಬೆಲೆ ಏಕೆ ಎಂದು ಕೇಳಿದರೆ ಮೈಸೂರಿನಲ್ಲೇ ಉತ್ತರ ಇದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟುಕೊಂಡು ಬಂದಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ದೊಡ್ಡವರಾಗಿ ಮೈಸೂರಿನ ಸುತ್ತಮುತ್ತಲೇ ಇದ್ದ 517 ಮಂದಿಯನ್ನು ಹುಡುಕಿ ತಪಾಸಣೆ ಮಾಡಿದರು. ವರದಿ ಬಂದದ್ದು 1996ರಲ್ಲಿ. 45 ದಾಟಿದವರ ಪೈಕಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 100ಕ್ಕೆ 11 ಮಂದಿಗೆ ಹೃದಯದ ಕಾಯಿಲೆ. 3.1 ಕಿಲೋ ಮತ್ತು ಮೇಲ್ಪಟ್ಟು ಇದ್ದವರಲ್ಲಿ 100ಕ್ಕೆ ಮೂರೇ ಮಂದಿಗೆ. ತೊಟ್ಟಿಲ ತೂಕ ಐವತ್ತು ವರ್ಷದ ಮೇಲೆ ಎದೆಯಲ್ಲಿ ಮಾತಾಡಿತು ಎನ್ನಬೇಕು.

ಕೊಳವೆಯದೇ ತಪ್ಪೇ?

ಹಾಗಾದರೆ ಪ್ರನಾಳ ಶಿಶುಗಳೆಲ್ಲ ಸಣಕಲು ಎಂದು ಅರ್ಥವೆ? ಖಂಡಿತ ಅಲ್ಲ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಹುಟ್ಟಿದಾಗ ಆಕೆಯ ತೂಕ 2.6 ಕಿಲೋ. ಗೆರೆ ದಾಟಿಯೇ ಹುಟ್ಟಿದವಳು. ಆಕೆಯ ತಾಯಿಗೆ ಹತ್ತಾರು ಅಂಡಾಣು ಬರಿಸುವ ಇಂಜೆಕ್ಷನ್ ಕೊಟ್ಟಿರಲಿಲ್ಲ. ತಿಂಗಳಿಗೆ ತಾನಾಗಿ ಬರುವ ಒಂದೇ ಅಂಡಾಣು, ಒಂದೇ ಭ್ರೂಣ, ಒಂದೇ ಮಗು.

ಅನಂತರದ ವರ್ಷಗಳಲ್ಲಿ ಪದ್ಧತಿ ಬದಲಾಯಿತು. ಇಂಜೆಕ್ಷನ್ ಬಂತು, ಹತ್ತು ಹದಿನೈದು ಅಂಡಾಣು ತೆಗೆಯುವುದು ಬಂತು, ಎರಡು ಮೂರು ನಾಲ್ಕು ಭ್ರೂಣ ಒಟ್ಟಿಗೆ ಬಿಡುವುದು ಬಂತು. ತೂಕದ ಮಾತು ಎದ್ದದ್ದು ಆಗಲೇ. 1996 ಮತ್ತು 1997ರಲ್ಲಿ ಈ ಚಿಕಿತ್ಸೆಯಿಂದ ಅಮೆರಿಕದಲ್ಲಿ ಹುಟ್ಟಿದ 42 ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕ 2002ರಲ್ಲಿ ಹೊರಬಿತ್ತು. ಅವಳಿ ಜವಳಿಗಳನ್ನು ಬದಿಗಿಟ್ಟು, ದಿನ ತುಂಬಿ ಒಂಟಿಯಾಗಿ ಹುಟ್ಟಿದ ಮಕ್ಕಳನ್ನು ಮಾತ್ರ ನೋಡಿದರೂ ಕಡಿಮೆ ತೂಕದವರು ಸಾಮಾನ್ಯ ಜನರಲ್ಲಿ ಇರುವುದಕ್ಕಿಂತ 2.6 ಪಟ್ಟು ಇದ್ದರು.

ತಪ್ಪು ಚಿಕಿತ್ಸೆಯದೋ, ಮಗು ಆಗಲು ತಡವಾದ ಆ ದೇಹದ್ದೋ? ನಾರ್ವೆಯವರು ಇದನ್ನು ಜಾಣತನದಿಂದ ಬಿಡಿಸಿದರು. ಒಂದು ಮಗುವನ್ನು ತಾನಾಗಿಯೇ, ಇನ್ನೊಂದನ್ನು ಚಿಕಿತ್ಸೆಯಿಂದ ಹೆತ್ತ ಎರಡೂವರೆ ಸಾವಿರ ತಾಯಂದಿರನ್ನು ಹುಡುಕಿದರು. 2008ರ ವರದಿ ಇದು. ಬೇರೆ ಬೇರೆ ತಾಯಂದಿರ ಮಕ್ಕಳನ್ನು ಹೋಲಿಸಿದಾಗ ಚಿಕಿತ್ಸೆಯ ಕೂಸು 25 ಗ್ರಾಂ ಹಗುರ. ಒಬ್ಬಳೇ ತಾಯಿಯ ಎರಡು ಮಕ್ಕಳನ್ನು ಹೋಲಿಸಿದಾಗ ವ್ಯತ್ಯಾಸ ಬರೀ 9 ಗ್ರಾಂ, ಲೆಕ್ಕಕ್ಕೇ ಇಲ್ಲ. 2011ರಲ್ಲಿ ಡೆನ್ಮಾರ್ಕಿನವರು ಇದೇ ರೀತಿ ಒಡಹುಟ್ಟಿದವರನ್ನು ನೋಡಿದಾಗ 65 ಗ್ರಾಂ ಬಂತು.

ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ತಿಳಿಯುವುದು ಇಷ್ಟು: ಒಂಟಿ ಮಗುವಿನಲ್ಲಿ ಕೊಳವೆಯ ಪಾಲು ಸಣ್ಣದು. ತಾಯಿಯ ವಯಸ್ಸು, ಬಿ.ಪಿ., ಸಕ್ಕರೆ, ಥೈರಾಯಿಡ್, ಅಂಡಾಶಯದ ನೀರುಗುಳ್ಳೆ, ಇವುಗಳ ಪಾಲೂ ಅದರೊಳಗೆ ಸೇರಿದೆ. ಚಿಕಿತ್ಸೆ ಇಲ್ಲದೆಯೇ ವರ್ಷಗಟ್ಟಲೆ ಕಾದು ಬಸುರಾದವರಲ್ಲೂ ಕಡಿಮೆ ತೂಕದ ಮಕ್ಕಳು ತುಸು ಹೆಚ್ಚು.

ದೊಡ್ಡ ಖೋತಾ ಇರುವುದು ಬೇರೆ ಕಡೆ.

‘ಎರಡು ಹಾಕಿಬಿಡಿ ಡಾಕ್ಟ್ರೇ’

ಒಡವೆ ಅಡವಿಟ್ಟು, ಚೀಟಿ ಎತ್ತಿ, ಸಾಲ ಮಾಡಿ ಬಂದ ದಂಪತಿಗೆ ಒಂದು ಆಸೆ ಸಹಜ. ‘ಮತ್ತೆ ಮತ್ತೆ ಇಷ್ಟು ದುಡ್ಡು ಎಲ್ಲಿಂದ ತರೋದು? ಎರಡು ಹಾಕಿಬಿಡಿ ಡಾಕ್ಟ್ರೇ, ಒಂದೇ ಸಲಕ್ಕೆ ಮುಗಿದುಹೋಗಲಿ.’ ಒಂದು ಕೊಂಡರೆ ಇನ್ನೊಂದು ಫ್ರೀ ಎಂಬ ಹಾಗೆ. ಜೋಡಿ ತೊಟ್ಟಿಲ ಕನಸು ಯಾರಿಗೆ ಬೇಡ?

ಆದರೆ ಗರ್ಭಕೋಶ ಒಂದೇ. ಒಳಗೆ ಇಬ್ಬರು ಇದ್ದರೆ ಜಾಗ ಹಂಚಿಕೊಳ್ಳಬೇಕು, ತಾಯಿಯ ರಕ್ತ ಹಂಚಿಕೊಳ್ಳಬೇಕು, ಸಾಮಾನ್ಯವಾಗಿ ತಿಂಗಳು ತುಂಬುವ ಮೊದಲೇ ಹೊರಗೆ ಬರಬೇಕು. ಅಮೆರಿಕದ ಜನನ ದಾಖಲೆಗಳಲ್ಲಿ ಅವಳಿ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಎರಡೂವರೆ ಕಿಲೋ ಒಳಗೇ. ಮೂವರು ಒಟ್ಟಿಗೆ ಹುಟ್ಟಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು. ಒಂಟಿ ಮಗುವಿನಲ್ಲಿ ಚಿಕಿತ್ಸೆ ಕಳೆಯುವುದು ಹತ್ತಾರು ಗ್ರಾಂ. ಅವಳಿಯಲ್ಲಿ ಹೋಗುವುದು ಅರ್ಧ ಕಿಲೋಗೂ ಮೇಲೆ. ಇದು ಹಿಡಿಯಷ್ಟರ ಮಾತಲ್ಲ, ಸೇರಿನ ಮಾತು.

ಅತಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ 2009ರ ಜನವರಿ 26ರಂದು ಕ್ಯಾಲಿಫೋರ್ನಿಯಾದಲ್ಲಿ ನಡೆದ ಹೆರಿಗೆ ಸಾಕು. 12 ಭ್ರೂಣ ಬಿಟ್ಟಿದ್ದರು. ಎಂಟು ಮಕ್ಕಳು ಹುಟ್ಟಿದವು. ಸಣ್ಣದು ಸುಮಾರು 680 ಗ್ರಾಂ, ದೊಡ್ಡದು ಒಂದೂವರೆ ಕಿಲೋ. ಜಗತ್ತೆಲ್ಲ ಫೋಟೋ ನೋಡಿ ಬೆರಗಾಯಿತು. ಚಿಕಿತ್ಸೆ ಮಾಡಿದ ವೈದ್ಯರ ಲೈಸೆನ್ಸ್ 2011ರಲ್ಲಿ ರದ್ದಾಯಿತು.

ಎರಡು ಹಾಕಿ ಒಂದೇ ಉಳಿದರೂ ಪೂರ್ತಿ ಪಾರಾಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ಎರಡು ಹಿಡಿದು ಒಂದು ಕರಗಿಹೋಗುವುದುಂಟು. ಉಳಿದ ಕೂಸು ಒಂಟಿಯಾಗಿ ಹುಟ್ಟಿದರೂ, ಮೊದಲಿನಿಂದ ಒಂಟಿಯಾಗಿಯೇ ಇದ್ದ ಕೂಸಿಗಿಂತ ಅದರ ತೂಕ ಕಡಿಮೆ ಇರುವುದನ್ನು ವೈದ್ಯರು ಗುರುತಿಸಿದ್ದಾರೆ.

‘ಒಂದೇ ಹಾಕಿಸಿ, ಅದೂ ನಿಲ್ಲದಿದ್ದರೆ?’ ಎಂಬುದು ನ್ಯಾಯವಾದ ಪ್ರಶ್ನೆ. ಸ್ಕ್ಯಾಂಡಿನೇವಿಯಾದ ವೈದ್ಯರು 36 ವರ್ಷದೊಳಗಿನ 661 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದರು. ಅರ್ಧ ಜನಕ್ಕೆ ಒಟ್ಟಿಗೆ ಎರಡು ಭ್ರೂಣ. ಉಳಿದರ್ಧಕ್ಕೆ ಮೊದಲು ಒಂದು, ನಿಲ್ಲದಿದ್ದರೆ ಫ್ರೀಜ್ ಮಾಡಿಟ್ಟ ಇನ್ನೊಂದು. 2004ರಲ್ಲಿ ಫಲಿತಾಂಶ ಬಂತು. ಎರಡು ಒಟ್ಟಿಗೆ ಬಿಟ್ಟವರಲ್ಲಿ 100ಕ್ಕೆ ಸುಮಾರು 43 ಮಂದಿಗೆ ಮಗುವಾಯಿತು. ಒಂದೊಂದಾಗಿ ಬಿಟ್ಟವರಲ್ಲಿ ಸುಮಾರು 39. ನಾಲ್ಕು ಅಂಕ ಹಿಂದೆ, ಸರಿ. ಆದರೆ ಅವಳಿ ನೋಡಿ: ಅಲ್ಲಿ ಹೆರಿಗೆಗಳಲ್ಲಿ 100ಕ್ಕೆ 33, ಇಲ್ಲಿ ಒಂದೂ ಇಲ್ಲ ಎನ್ನುವಷ್ಟು ಕಡಿಮೆ, 0.8. ಸ್ವೀಡನ್ನಿನಲ್ಲಿ 2003ರಿಂದಲೇ ಒಂದು ಸಲಕ್ಕೆ ಒಂದೇ ಭ್ರೂಣ ಎಂಬುದು ಸಾಮಾನ್ಯ ನಿಯಮವಾಗಿದೆ.

ಗಾಜಿನ ಪೆಟ್ಟಿಗೆಯ ದಿನವೊಂದರ ಬಿಲ್ಲು ಎಷ್ಟು ಎಂದು ಯಾವುದೇ ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿ ನೋಡಿ. ಅದನ್ನು ಎರಡು ಮಗುವಿಗೆ, ಮೂರು ವಾರಕ್ಕೆ ಗುಣಿಸಿ. ‘ಒಂದೇ ಖರ್ಚು’ ಎಲ್ಲಿ ಉಳಿಯಿತು?

ಗುಳಿಗೆ, ಇಂಜೆಕ್ಷನ್ನೂ ಕಮ್ಮಿ ಇಲ್ಲ

ಅವಳಿ ತರುವುದು ಕೊಳವೆ ಒಂದೇ ಅಲ್ಲ. ಅಂಡಾಣು ಬಿಡಿಸುವ ಗುಳಿಗೆ, ಇಂಜೆಕ್ಷನ್ನುಗಳಿಗೂ ಆ ಗುಣ ಇದೆ. ಕೊಳವೆಯಲ್ಲಾದರೆ ಎಷ್ಟು ಭ್ರೂಣ ಬಿಡುವುದು ಎಂಬುದು ವೈದ್ಯರ ಕೈಯಲ್ಲಿದೆ. ಇಂಜೆಕ್ಷನ್ ಕೊಟ್ಟು ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಐ.ಯು.ಐ. ಪದ್ಧತಿಯಲ್ಲಿ ಎಷ್ಟು ಅಂಡಾಣು ಫಲಿಸುತ್ತವೆ ಎಂಬುದು ಯಾರ ಕೈಯಲ್ಲೂ ಇಲ್ಲ.

ಅಮೆರಿಕದಲ್ಲಿ ಕಾರಣ ತಿಳಿಯದೆ ಮಕ್ಕಳಾಗದ 900 ಮಹಿಳೆಯರಿಗೆ ಮೂರು ಬಗೆಯ ಔಷಧ ಕೊಟ್ಟು, ಐ.ಯು.ಐ. ಮಾಡಿ ನೋಡಿದ ವರದಿ 2015ರಲ್ಲಿ ಬಂತು. ಇಂಜೆಕ್ಷನ್ ಪಡೆದು ಬಸುರಾದವರಲ್ಲಿ 100ಕ್ಕೆ ಸುಮಾರು 32 ಮಂದಿಗೆ ಒಂದಕ್ಕಿಂತ ಹೆಚ್ಚು ಮಗು ಹಿಡಿದಿತ್ತು. ಲೆಟ್ರೋಜೋಲ್ ಗುಳಿಗೆಯಲ್ಲಿ 13, ಕ್ಲೋಮಿಫೀನ್ ಗುಳಿಗೆಯಲ್ಲಿ 9. ಪಕ್ಕದ ಮನೆಯವಳ ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ಗುಳಿಗೆ ತಂದು ನುಂಗುವವರು ಇದನ್ನು ನೆನಪಿಡಬೇಕು. ಸ್ಕ್ಯಾನ್ ಮಾಡಿ ಎಷ್ಟು ಅಂಡಾಣು ಬೆಳೆದಿವೆ ಎಂದು ನೋಡದೆ ಇವನ್ನು ತೆಗೆದುಕೊಳ್ಳುವುದು ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದ ಹಾಗೆ.

ಫ್ರೀಜರಿನ ಕೂಸು ದಪ್ಪ!

ಇನ್ನು ತಾಜಾ ಮತ್ತು ಫ್ರೀಜ್ ಮಾಡಿದ ಭ್ರೂಣದ ಮಾತು. ಹಳ್ಳಿಯವರಿಗೆ ಇದು ಹೊಸದಲ್ಲ. ಪಶು ಆಸ್ಪತ್ರೆಯಲ್ಲಿ ಹೋರಿಯ ವೀರ್ಯವನ್ನು ಹೊಗೆಯಾಡುವ ನೈಟ್ರೋಜನ್ ಕ್ಯಾನಿನಲ್ಲಿ ಇಟ್ಟಿರುವುದನ್ನು ಎಲ್ಲರೂ ನೋಡಿದ್ದಾರೆ. ಭ್ರೂಣವನ್ನೂ ಹಾಗೆಯೇ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ತಂಪಿನಲ್ಲಿ ಇಟ್ಟು, ಬೇಕಾದಾಗ ಎಬ್ಬಿಸಿ ಬಿಡುತ್ತಾರೆ.

ಈ ವಿದ್ಯೆಯಲ್ಲಿ ಭಾರತದ ಹೆಸರು ಮೊದಲ ಪುಟದಲ್ಲೇ ಇರಬೇಕಾಗಿತ್ತು. ಲೂಯಿಸ್ ಹುಟ್ಟಿದ ಎರಡು ತಿಂಗಳು ಚಿಲ್ಲರೆ ದಿನಕ್ಕೆ, 1978ರ ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಚಿಕಿತ್ಸೆಯಿಂದ ‘ದುರ್ಗಾ’ ಎಂಬ ಹೆಣ್ಣುಮಗು ಹುಟ್ಟಿತು. ಭ್ರೂಣವನ್ನು 53 ದಿನ ಫ್ರೀಜ್ ಮಾಡಿ ಇಟ್ಟು ಬಿಟ್ಟದ್ದಾಗಿ ಅವರು ಹೇಳಿದರು. ಸರ್ಕಾರಿ ಸಮಿತಿ ನಂಬಲಿಲ್ಲ. ಗೇಲಿ ಮಾಡಿದರು, ವರ್ಗ ಮಾಡಿದರು. ಆ ವೈದ್ಯ 1981ರಲ್ಲಿ ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಹರ್ಷಾಳ ಚಿಕಿತ್ಸೆಯಲ್ಲಿ ಪಾಲಿದ್ದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್, ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದವರು, ಮುಖ್ಯೋಪಾಧ್ಯಾಯರ ಹಳೇ ಕಾಗದಪತ್ರ ಓದಿ ನೋಡಿದರು. ‘ಮೊದಲಿಗ ನಾನಲ್ಲ, ಅವರು’ ಎಂಬ ಅರ್ಥದ ಲೇಖನವನ್ನು 1997ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ದೊಡ್ಡ ಮನಸ್ಸು ಎಂದರೆ ಇದು.

ಇರಲಿ, ತೂಕಕ್ಕೆ ಬರೋಣ. ಫ್ರೀಜ್ ಮಾಡಿದ ಭ್ರೂಣದ ಕೂಸು ತಾಜಾ ಭ್ರೂಣದ ಕೂಸಿಗಿಂತ ಭಾರ. ಡೆನ್ಮಾರ್ಕಿನ ಅದೇ 2011ರ ವರದಿಯಲ್ಲಿ ಒಡಹುಟ್ಟಿದವರ ನಡುವೆ ವ್ಯತ್ಯಾಸ 167 ಗ್ರಾಂ. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2018ರಲ್ಲಿ ಹಾಕಿದ ಲೆಕ್ಕದಲ್ಲಿ, ಒಂಟಿಯಾಗಿ ಹುಟ್ಟಿದ ಮಕ್ಕಳ ಪೈಕಿ ಕಡಿಮೆ ತೂಕದ ಅಪಾಯ ಫ್ರೀಜ್ ಪದ್ಧತಿಯಲ್ಲಿ 100ಕ್ಕೆ 28ರಷ್ಟು ಕಡಿಮೆ.

ಕಾರಣ ಹೀಗೆ ಹೇಳುತ್ತಾರೆ. ಇಂಜೆಕ್ಷನ್ ಕೊಟ್ಟು ಹತ್ತಾರು ಅಂಡಾಣು ಬೆಳೆಸಿದ ತಿಂಗಳಲ್ಲಿ ತಾಯಿಯ ಮೈಯಲ್ಲಿ ಹಾರ್ಮೋನು ಉಕ್ಕಿ ಹರಿಯುತ್ತಿರುತ್ತದೆ. ಗರ್ಭಕೋಶದ ಒಳಪದರ ಹದದಲ್ಲಿ ಇರುವುದಿಲ್ಲ. ನೆರೆ ಬಂದ ಗದ್ದೆಯಲ್ಲಿ ನಾಟಿ ಮಾಡಿದಂತೆ. ಮಾಸು ಸರಿಯಾಗಿ ಬೇರು ಬಿಡುವುದಿಲ್ಲ, ಕೂಸಿಗೆ ಆಹಾರ ಸಾಲುವುದಿಲ್ಲ. ಭ್ರೂಣವನ್ನು ಎತ್ತಿಟ್ಟು, ಒಂದೆರಡು ತಿಂಗಳು ಬಿಟ್ಟು, ನೆಲ ಆರಿದ ಮೇಲೆ ನಾಟಿ ಮಾಡಿದರೆ ಬೆಳೆ ಚೆನ್ನ.

ಹಾಗಾದರೆ ಎಲ್ಲರೂ ಫ್ರೀಜ್ ಮಾಡಿಸಿಬಿಡೋಣವೆ? ನಿಲ್ಲಿ. ಅದೇ 2018ರ ಲೆಕ್ಕದಲ್ಲಿ ವಯಸ್ಸಿಗೆ ಮೀರಿ ದಪ್ಪ ಕೂಸು ಹುಟ್ಟುವ ಸಂಭವ ಫ್ರೀಜ್ ಪದ್ಧತಿಯಲ್ಲಿ ಒಂದೂವರೆ ಪಟ್ಟು. ತಾಯಿಗೆ ಬಸುರಿನಲ್ಲಿ ಬಿ.ಪಿ. ಏರುವ ಸಂಭವ 100ಕ್ಕೆ 29ರಷ್ಟು ಹೆಚ್ಚು. ಅತಿ ದಪ್ಪ ಕೂಸಿನ ಹೆರಿಗೆ ಕಷ್ಟ. ಮುಂದೆಯೂ ನೆಮ್ಮದಿ ಎನ್ನುವ ಹಾಗಿಲ್ಲ: ಮೈಸೂರಿನ ಮಿಷನ್ ಆಸ್ಪತ್ರೆಯ ಅದೇ ದಾಖಲೆಗಳಿಂದ 1998ರಲ್ಲಿ ಬಂದ ಇನ್ನೊಂದು ವರದಿಯ ಪ್ರಕಾರ, ಉದ್ದ ಕಡಿಮೆ ಇದ್ದು ಗುಂಡಗೆ ಹುಟ್ಟಿದವರಲ್ಲಿ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಹೆಚ್ಚು. ತೂಕದಲ್ಲಿ ಕಡಿಮೆಯೂ ಬೇಡ, ಅತಿಯೂ ಬೇಡ.

ಇಲ್ಲೂ ಒಂದು ಸೂಕ್ಷ್ಮ. ಫ್ರೀಜ್ ಮಾಡಿದ ಭ್ರೂಣ ಬಿಡುವಾಗ ಎರಡು ದಾರಿ. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರುವವರಿಗೆ ಮೈಯ ಸಹಜ ಚಕ್ರವನ್ನೇ ನೋಡಿಕೊಂಡು ಬಿಡಬಹುದು. ಇಲ್ಲವೇ ಗುಳಿಗೆ ಕೊಟ್ಟು ಒಳಪದರ ಬೆಳೆಸಿ ಬಿಡಬಹುದು. ಎರಡನೆಯ ದಾರಿಯಲ್ಲಿ, ಅಂಡಾಣು ಹೊರಬಿದ್ದ ಜಾಗದಲ್ಲಿ ಬೆಳೆಯಬೇಕಾದ ಹಳದಿ ಗಂಟು ಬೆಳೆಯುವುದಿಲ್ಲ. ಬಿ.ಪಿ. ಏರುವುದು ಈ ಗುಂಪಿನಲ್ಲೇ ಹೆಚ್ಚು ಎಂಬುದು ಈಚಿನ ವರ್ಷಗಳ ಅಧ್ಯಯನಗಳ ಮಾತು.

ತಟ್ಟೆಯ ನೀರಿನ ಮಹಿಮೆ

ಭ್ರೂಣ ಎರಡರಿಂದ ಐದಾರು ದಿನ ಪ್ರಯೋಗಶಾಲೆಯ ಪುಟ್ಟ ತಟ್ಟೆಯಲ್ಲಿ ಒಂದು ದ್ರವದೊಳಗೆ ಬೆಳೆಯುತ್ತದೆ. ಆ ದ್ರವವೂ ತೂಕಕ್ಕೆ ಕೈಹಾಕುತ್ತದೆ ಎಂದರೆ ನಂಬುವುದು ಕಷ್ಟ. ನೆದರ್ಲೆಂಡ್ಸಿನ ಆರು ಕೇಂದ್ರಗಳಲ್ಲಿ 836 ದಂಪತಿಗಳ ಭ್ರೂಣಗಳನ್ನು ಎರಡು ಬಗೆಯ ದ್ರವಗಳಲ್ಲಿ ಬೆಳೆಸಿದರು. 2016ರ ವರದಿಯಂತೆ ಒಂಟಿ ಮಕ್ಕಳ ಸರಾಸರಿ ತೂಕದಲ್ಲಿ 158 ಗ್ರಾಂ ವ್ಯತ್ಯಾಸ. ಸಾಸಿವೆಗಿಂತ ಎಷ್ಟೋ ಸಣ್ಣದಿದ್ದಾಗ ಕೆಲವೇ ದಿನ ಕುಡಿದ ನೀರು ಒಂಬತ್ತು ತಿಂಗಳ ಮೇಲೆ ತಕ್ಕಡಿಯಲ್ಲಿ ಕಂಡಿತು.

ದನ ಕುರಿಗಳಲ್ಲಿ ಇದು ಮೊದಲೇ ಗೊತ್ತಿತ್ತು. ಪ್ರಯೋಗಶಾಲೆಯ ಕೆಲವು ದ್ರವಗಳಲ್ಲಿ ಬೆಳೆಸಿದ ಭ್ರೂಣದಿಂದ ಭಾರೀ ಗಾತ್ರದ ಕರು ಹುಟ್ಟಿ, ಹಸು ಈಯಲಾರದೆ ಒದ್ದಾಡಿದ್ದನ್ನು 1990ರ ದಶಕದಲ್ಲೇ ಬರೆದಿದ್ದಾರೆ.

ಕೇಳುವ ಹಕ್ಕು ಇದೆ, ಕೇಳಿ

‘ಡಾಕ್ಟ್ರನ್ನ ಪ್ರಶ್ನೆ ಕೇಳಿದ್ರೆ ಬೇಜಾರು ಮಾಡ್ಕೋತಾರೆ’ ಎಂದು ಬಾಯಿ ಮುಚ್ಚಿಕೊಂಡು ಸಹಿ ಹಾಕುವವರೇ ಹೆಚ್ಚು. ಅದರ ಅಗತ್ಯವಿಲ್ಲ. 2021ರ ಸಂತಾನ ನೆರವು ತಂತ್ರಜ್ಞಾನ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಚಿಕಿತ್ಸೆಯ ಒಳಿತು, ಕೆಡುಕು, ಖರ್ಚು, ಅಡ್ಡಪರಿಣಾಮ ಎಲ್ಲವನ್ನೂ ದಂಪತಿಗೆ ತಿಳಿಸಬೇಕು. ಒಂದಕ್ಕಿಂತ ಹೆಚ್ಚು ಮಗು ಹಿಡಿಯುವ ಅಪಾಯವನ್ನೂ ಹೇಳಲೇಬೇಕು. ಹೀಗೆಂದು ಕಾಯ್ದೆಯಲ್ಲೇ ಬರೆದಿದೆ. ಲಿಖಿತ ಒಪ್ಪಿಗೆ ಬೇಕು. ಪ್ರತಿ ಕ್ಲಿನಿಕ್ಕಿನಲ್ಲಿ ದೂರು ಕೇಳುವ ವ್ಯವಸ್ಥೆ ಇರಬೇಕು. ಕ್ಲಿನಿಕ್ಕು ನೋಂದಣಿ ಆಗಿರಬೇಕು.

ಎಷ್ಟು ಭ್ರೂಣ ಎಂಬುದಕ್ಕೂ ಮಿತಿ ಇಲ್ಲದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2005ರ ಮಾರ್ಗಸೂಚಿ ಸಾಮಾನ್ಯವಾಗಿ ಮೂರು ಮೀರಬಾರದು ಎಂದಿತು. ಬಾಡಿಗೆ ತಾಯ್ತನಕ್ಕೆ 2022ರಲ್ಲಿ ಬಂದ ನಿಯಮ ಇನ್ನೂ ಬಿಗಿ: ಒಂದೇ ಭ್ರೂಣ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ.

ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ ಮಾತು ನಾಲ್ಕೇ ನಾಲ್ಕು. ಎಷ್ಟು ಭ್ರೂಣ ಬಿಡುತ್ತೀರಿ, ಒಂದೇ ಏಕೆ ಸಾಲದು? ತಾಜಾ ಬಿಡುತ್ತೀರೋ ಫ್ರೀಜ್ ಮಾಡುತ್ತೀರೋ, ಏಕೆ? ಫ್ರೀಜ್ ಮಾಡಿದ್ದಾದರೆ ಸಹಜ ಚಕ್ರದಲ್ಲಿ ಬಿಡಲು ಬರುತ್ತದೆಯೇ? ಹೋದ ವರ್ಷ ಇಲ್ಲಿ ಎಷ್ಟು ಮಂದಿ ಬಸುರಾದರು ಎನ್ನುವುದರ ಜೊತೆಗೆ, ಎಷ್ಟು ಮಂದಿಗೆ ಅವಳಿಯಾಯಿತು, ಹುಟ್ಟಿದ ಮಕ್ಕಳ ತೂಕ ಎಷ್ಟು? ಬೋರ್ಡಿನ ಮೇಲೆ ಬಸುರಿನ ಲೆಕ್ಕ ಮಾತ್ರ ಇರುತ್ತದೆ. ಮನೆಗೆ ಬರಬೇಕಾದ್ದು ಮಗು.

ಎಲ್ಲ ಎಚ್ಚರ ವಹಿಸಿದರೂ ಕೂಸು ಸಣ್ಣದಾಗಿ ಹುಟ್ಟಿದರೆ ಎದೆಗುಂದಬೇಕಿಲ್ಲ. ಬಟ್ಟೆ ಬಿಚ್ಚಿ ಕೂಸನ್ನು ತಾಯಿಯ ಎದೆಗೆ ಕಟ್ಟಿ ಮೈಗೆ ಮೈ ತಾಗಿಸುವ ಕಾಂಗರೂ ಆರೈಕೆ ಎಲ್ಲ ಯಂತ್ರಗಳಿಗಿಂತ ಅಗ್ಗ. ಭಾರತವೂ ಸೇರಿ ಐದು ದೇಶಗಳಲ್ಲಿ ಒಂದರಿಂದ 1.8 ಕಿಲೋ ತೂಕದ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ ಮೊದಲ 28 ದಿನದ ಸಾವು ಕಾಲು ಭಾಗ ಇಳಿಯಿತು ಎಂದು 2021ರ ವರದಿ ಹೇಳುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಮನೆಯವರೆಗೂ ಇದನ್ನು ಒಯ್ಯುವ ಕೆಲಸ ನಡೆದಿದೆ. ಅಪ್ಪನ ಎದೆಯೂ ಆಗುತ್ತದೆ, ಅಜ್ಜಿಯ ಎದೆಯೂ ಆಗುತ್ತದೆ. ಬಿಲ್ಲು ಮಾತ್ರ ಬರುವುದಿಲ್ಲ.

ಮಕ್ಕಳಿಲ್ಲದ ನೋವು ತೂಕಕ್ಕೆ ಸಿಗುವಂಥದ್ದಲ್ಲ. ಅದಕ್ಕೇ ಆ ನೋವಿನಲ್ಲಿರುವವರು ಲೆಕ್ಕ ಕೇಳುವುದಿಲ್ಲ, ಹೇಳಬೇಕಾದವರು ಹೇಳುವುದನ್ನು ಮರೆಯುತ್ತಾರೆ. ಹತ್ತು ವರ್ಷ ಕಾದವರು ಎರಡನೆಯ ಮಗುವಿಗೆ ಇನ್ನೆರಡು ವರ್ಷ ಕಾಯಲಾರರೇ? ಮಕ್ಕಳು ಇಬ್ಬರು ಬೇಕಿದ್ದರೆ ಬರಲಿ, ಯಾರೂ ಬೇಡ ಎನ್ನುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಬರಲಿ.